ನಾವಿಕರ ನೆನಪು: ನಿಜವೆಷ್ಟು, ಬಣ್ಣವೆಷ್ಟು?

ಕಡಲಿಗೆ ಹೋಗಿ ಬಂದವರ ಮಾತನ್ನು ಅರ್ಧಕ್ಕೆ ಅರ್ಧ ಕಳೆದು ಕೇಳಬೇಕು ಎಂಬುದು ನಮ್ಮ ಕರಾವಳಿಯ ಹಳೆಯ ಲೆಕ್ಕ. ಮಚವೆಯಲ್ಲಿ ಮಂಗಳೂರು ಹಂಚು ತುಂಬಿಕೊಂಡು ಮುಂಬಯಿಗೆ ಹೋಗಿ ಬರುತ್ತಿದ್ದ ಹಿರಿಯರು ಕಟ್ಟೆಯ ಮೇಲೆ ಕುಳಿತು ಕತೆ ಶುರು ಮಾಡಿದರೆ ಮೀನು ಮಚವೆಗಿಂತ ಉದ್ದ ಇರುತ್ತಿತ್ತು, ಅಲೆ ತೆಂಗಿನ ಮರಕ್ಕಿಂತ ಎತ್ತರ ಇರುತ್ತಿತ್ತು. ಕೇಳುವವರೂ ನಗುತ್ತಿದ್ದರು, ಹೇಳುವವರೂ ನಗುತ್ತಿದ್ದರು. ಆದರೆ ಕಳೆಯಬೇಕಾದ ಅರ್ಧ ಯಾವುದು, ಉಳಿಸಿಕೊಳ್ಳಬೇಕಾದ ಅರ್ಧ ಯಾವುದು ಎಂದು ಯಾರೂ ಹೇಳುತ್ತಿರಲಿಲ್ಲ.

ಈ ಶಾಲೆಯಲ್ಲಿ ನಾನು ಇತಿಹಾಸ ಪಾಠ ಮಾಡುತ್ತಿದ್ದ ಕಾಲದಲ್ಲಿ, ವಾಸ್ಕೋ ಡ ಗಾಮನ ಪಾಠ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಇದನ್ನೆಲ್ಲ ಬರೆದವರೂ ಹಡಗಿನವರೇ ಅಲ್ವಾ? ನಮ್ಮಜ್ಜನ ಹಾಗೆ ಅವರೂ ಬುರುಡೆ ಬಿಟ್ಟಿರ್ಲಿಕ್ಕಿಲ್ವಾ?" ಎಂದು ಕೇಳಿದ್ದ. ತರಗತಿ ಗೊಳ್ಳೆಂದು ನಕ್ಕಿತು. ಆದರೆ ಅದು ನಕ್ಕು ಬಿಡುವ ಪ್ರಶ್ನೆಯಲ್ಲ. ನಮ್ಮ ಬಂದರುಗಳ ನಾನೂರು, ಐನೂರು, ಆರುನೂರು ವರ್ಷ ಹಿಂದಿನ ಬದುಕು ನಮಗೆ ತಿಳಿದಿರುವುದು ಬಹಳಮಟ್ಟಿಗೆ ಕಡಲ ಮೇಲೆ ಬಂದು ಹೋದವರ ಬರಹದಿಂದ. ಶಾಸನಗಳು ದಾನ ಕೊಟ್ಟವರ ಹೆಸರು, ಭೂಮಿಯ ಎಲ್ಲೆ, ದೇವಸ್ಥಾನದ ವೆಚ್ಚ ಹೇಳುತ್ತವೆ. ಬಂದರಿನಲ್ಲಿ ಜನ ಏನು ಉಣ್ಣುತ್ತಿದ್ದರು, ಹೆಂಗಸರು ಹೇಗೆ ಬಟ್ಟೆ ಉಡುತ್ತಿದ್ದರು ಎಂಬುದನ್ನು ಅವು ಹೇಳುವುದು ಅಪರೂಪ. ಅದನ್ನು ಬರೆದಿಟ್ಟವರು ಹೊರಗಿನಿಂದ ಬಂದ ಯಾತ್ರಿಕರು. ಅವರು ಬುರುಡೆಯವರಾದರೆ ನಮ್ಮ ಚರಿತ್ರೆಯ ಒಂದು ಕೋಣೆಯೇ ಖಾಲಿಯಾಗುತ್ತದೆ. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಆ ಹುಡುಗನಿಗೆ ಕೊಡಲು ಸಮಯ ಸಾಲದ ಉತ್ತರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಅವನೀಗ ಎಲ್ಲಿದ್ದರೂ ಓದಲಿ.

ಮೊದಲು ಒಬ್ಬ ಪಕ್ಕಾ ಸುಳ್ಳುಗಾರನಿಂದ ಆರಂಭಿಸೋಣ. 1898ರಲ್ಲಿ ಲಂಡನ್ನಿನ 'ವೈಡ್ ವರ್ಲ್ಡ್ ಮ್ಯಾಗಝೀನ್' ಎಂಬ ಪತ್ರಿಕೆಯಲ್ಲಿ ಲೂಯಿ ಡಿ ರೂಜ್‌ಮಾಂಟ್ ಎಂಬಾತನ ಸಾಹಸಕತೆ ಧಾರಾವಾಹಿಯಾಗಿ ಬಂತು. ಮುತ್ತು ತೆಗೆಯಲು ಹೋದಾಗ ಹಡಗು ಒಡೆಯಿತು, ಆಮೇಲೆ ಮೂವತ್ತು ವರ್ಷ ಆಸ್ಟ್ರೇಲಿಯದ ಮೂಲನಿವಾಸಿಗಳ ನಡುವೆ ಬಾಳಿದೆ ಎಂದು ಅವನು ಬರೆದ. ಕಡಲಾಮೆಯ ಬೆನ್ನೇರಿ ಸವಾರಿ ಮಾಡಿದೆ ಎಂದ. ಸಂಜೆ ಹೊತ್ತು ವೊಂಬ್ಯಾಟ್‌ಗಳು ಹಿಂಡು ಹಿಂಡಾಗಿ ಆಕಾಶಕ್ಕೆ ಏರುತ್ತಿದ್ದವು ಎಂದೂ ಹೇಳಿದ. ವೊಂಬ್ಯಾಟ್ ಎಂದರೆ ಬಿಲ ತೋಡಿಕೊಂಡು ಇರುವ, ಹಂದಿಮರಿಯಂಥ ದಪ್ಪ ಪ್ರಾಣಿ. ಅದಕ್ಕೆ ರೆಕ್ಕೆ ಇಲ್ಲ. ವಿಜ್ಞಾನಿಗಳ ದೊಡ್ಡ ಸಮ್ಮೇಳನದಲ್ಲೂ ಅವನಿಗೆ ಮಾತಾಡಲು ಅವಕಾಶ ಸಿಕ್ಕಿತ್ತು. ಕೊನೆಗೆ 'ಡೈಲಿ ಕ್ರಾನಿಕಲ್' ಎಂಬ ದಿನಪತ್ರಿಕೆ ಅವನ ಬೆನ್ನು ಹತ್ತಿ ಬಣ್ಣ ಬಯಲು ಮಾಡಿತು. ಅವನ ನಿಜ ಹೆಸರು ಆನ್ರಿ ಲೂಯಿ ಗ್ರಿನ್, ಸ್ವಿಟ್ಜರ್ಲೆಂಡಿನವ. ಪಶ್ಚಿಮ ಆಸ್ಟ್ರೇಲಿಯದ ಗವರ್ನರರ ಬಳಿ ಮನೆಗೆಲಸಕ್ಕಿದ್ದವ. ಬ್ರಿಟಿಷ್ ಮ್ಯೂಸಿಯಂನ ವಾಚನಾಲಯದಲ್ಲಿ ಕುಳಿತು ಬೇರೆಯವರ ಪುಸ್ತಕ ಓದಿ ಸರಕು ಕೂಡಿಸಿಕೊಂಡಿದ್ದ. ಸಿಕ್ಕಿಬಿದ್ದ ಮೇಲೂ ಅವನು ಸುಮ್ಮನಿರಲಿಲ್ಲ. 'ಭೂಮಿಯ ಮೇಲಿನ ಅತಿ ದೊಡ್ಡ ಸುಳ್ಳುಗಾರ' ಎಂದು ತನ್ನನ್ನೇ ಪ್ರಚಾರ ಮಾಡಿಕೊಂಡು ರಂಗಮಂದಿರಗಳಲ್ಲಿ ಭಾಷಣ ಮಾಡಿದ.

ಇದರಲ್ಲಿ ನನಗೆ ಇಷ್ಟವಾದ ಸಂಗತಿ ಮುಂದಿನದು. 1906ರಲ್ಲಿ ಲಂಡನ್ನಿನ ಹಿಪ್ಪೊಡ್ರೋಮ್ ರಂಗಮಂದಿರದ ನೀರಿನ ತೊಟ್ಟಿಯಲ್ಲಿ ಅವನು ಎಲ್ಲರ ಕಣ್ಣೆದುರು ಆಮೆಯ ಮೇಲೆ ಸವಾರಿ ಮಾಡಿ ತೋರಿಸಿದ! ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದ ಆಮೆಯ ಕತೆ ಅಸಾಧ್ಯವೇನೂ ಆಗಿರಲಿಲ್ಲ. ನಗು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಒಂದು ಮಾತು ಸುಳ್ಳಾಗುವುದಿಲ್ಲ. ಹಾಗೆಯೇ, ಗಂಭೀರವಾಗಿ ಹೇಳಿದ ಮಾತ್ರಕ್ಕೆ ನಿಜವಾಗುವುದೂ ಇಲ್ಲ. ಮೂವತ್ತು ವರ್ಷದ ವನವಾಸವನ್ನು ಅವನು ಬಹಳ ಗಂಭೀರವಾಗಿಯೇ ಹೇಳಿದ್ದ.

ಇದಕ್ಕೆ ಪೂರ್ತಿ ತಿರುಗುಮುರುಗಾದ ಪ್ರಕರಣ ರಾಬರ್ಟ್ ಡ್ರೂರಿಯದು. ಇವನು ಲಂಡನ್ನಿನ ಹುಡುಗ, ಹುಟ್ಟಿದ್ದು 1687ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದ 'ಡಿಗ್ರೇವ್' ಎಂಬ ಹಡಗಿನಲ್ಲಿ ಬಂಗಾಳಕ್ಕೆ ಬಂದು ಹಿಂದಿರುಗುವಾಗ, 1703ರಲ್ಲಿ, ಆ ಹಡಗು ಮಡಗಾಸ್ಕರಿನ ದಕ್ಷಿಣ ತೀರದಲ್ಲಿ ಒಡೆಯಿತು. ದಡ ಸೇರಿದವರನ್ನು ಅಲ್ಲಿನ ದೊರೆ ತನ್ನ ಬಳಿ ಇರಿಸಿಕೊಂಡ. ಇವರು ದೊರೆಯನ್ನೇ ಒತ್ತೆ ಹಿಡಿದು ತಪ್ಪಿಸಿಕೊಳ್ಳಲು ನೋಡಿದರು. ಆ ಉಪಾಯ ಕೆಟ್ಟು ಹೆಚ್ಚಿನವರು ಸತ್ತರು. ನಮ್ಮ ಹೈಸ್ಕೂಲು ಮಕ್ಕಳ ವಯಸ್ಸಿನ ಡ್ರೂರಿಯನ್ನು ಗುಲಾಮನಾಗಿ ಉಳಿಸಿಕೊಂಡರು. ಅವನು ಊರಿಗೆ ಮರಳಿದ್ದು 1717ರಲ್ಲಿ. ಅಷ್ಟರಲ್ಲಿ ತಂದೆತಾಯಿ ತೀರಿಕೊಂಡಿದ್ದರು.

ಅವನ ಪುಸ್ತಕ 1729ರಲ್ಲಿ ಅಚ್ಚಾಯಿತು. ನಂಬದವರು ಬಿರ್ಚಿನ್ ಲೇನಿನ ಕಾಫಿ ಅಂಗಡಿಗೆ ಬಂದರೆ ಡ್ರೂರಿಯೇ ಸಿಗುತ್ತಾನೆ, ಏನು ಬೇಕಾದರೂ ಕೇಳಬಹುದು ಎಂದು ಪುಸ್ತಕದಲ್ಲೇ ಅಚ್ಚು ಹಾಕಿಸಿದ್ದರು. ಆದರೆ ಹತ್ತು ವರ್ಷದ ಹಿಂದಷ್ಟೇ, 1719ರಲ್ಲಿ, ಡೇನಿಯಲ್ ಡೆಫೊ ಎಂಬ ಲೇಖಕನ 'ರಾಬಿನ್ಸನ್ ಕ್ರೂಸೊ' ಬಂದು ಭಾರೀ ಹೆಸರು ಮಾಡಿತ್ತು. ಅದು ಒಬ್ಬಂಟಿ ನಾವಿಕನೊಬ್ಬನ ಆತ್ಮಕತೆಯ ವೇಷ ತೊಟ್ಟ ಕಾದಂಬರಿ. ಹೀಗಾಗಿ ಮುಂದಿನ ವಿದ್ವಾಂಸರು ಡ್ರೂರಿಯ ಪುಸ್ತಕವೂ ಡೆಫೊನ ಕೈಚಳಕವೇ ಎಂದು ಶಂಕಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಆ ಶಂಕೆ ಬಲವಾಗಿ, ಡ್ರೂರಿ ಎಂಬ ಮನುಷ್ಯನ ನೆನಪುಗಳು ಡೆಫೊನ ಕೃತಿಗಳ ಪಟ್ಟಿಗೆ ಸೇರಿಹೋದವು. ಒಬ್ಬನ ಬದುಕಿನ ಹದಿನಾಲ್ಕು ವರ್ಷ ಇನ್ನೊಬ್ಬನ ಕಲ್ಪನೆಯಾಗಿಬಿಟ್ಟಿತು. ಇದಕ್ಕಿಂತ ದೊಡ್ಡ ಅನ್ಯಾಯ ಒಬ್ಬ ನಾವಿಕನಿಗೆ ಏನಿದ್ದೀತು?

ಡ್ರೂರಿಯನ್ನು ಉಳಿಸಿದ್ದು ಅವನ ಸಾಹಸದ ಪುಟಗಳಲ್ಲ, ಯಾರೂ ಓದದ ಕೊನೆಯ ಪುಟಗಳು. ಅಲ್ಲಿ ಮಲಗಾಸಿ ಭಾಷೆಯ ಪದಗಳ ಒಂದು ಪಟ್ಟಿ ಇದೆ. ಅದರಲ್ಲಿರುವುದು ದಕ್ಷಿಣ ಮಡಗಾಸ್ಕರಿನ ಆಡುಮಾತು. ಬರೆದಿರುವ ರೀತಿ ಲಂಡನ್ನಿನ ಬೀದಿ ಇಂಗ್ಲಿಷ್ ಆಡುವವನ ಕಿವಿಗೆ ಅದು ಹೇಗೆ ಬಿದ್ದೀತೋ ಹಾಗೆ. ಮನೆಯಲ್ಲಿ ಕುಳಿತು ಕಾದಂಬರಿ ಬರೆಯುವವನಿಗೆ ಇದು ಸಾಧ್ಯವಿಲ್ಲ. 1990ರ ದಶಕದಲ್ಲಿ ಮೈಕ್ ಪಾರ್ಕರ್ ಪಿಯರ್ಸನ್ ಎಂಬ ಪುರಾತತ್ವಜ್ಞರು ಮಡಗಾಸ್ಕರಿನ ವಿದ್ವಾಂಸರೊಂದಿಗೆ ಆಂಡ್ರಾಯ್ ಪ್ರದೇಶದಲ್ಲಿ ಓಡಾಡಿ, ಪುಸ್ತಕದ ವಿವರಗಳನ್ನು ನೆಲದ ಮೇಲೆ ತಾಳೆ ನೋಡಿದರು. ಹಳೆಯ ಊರುಗಳ ನೆಲೆ, ಜನರ ಪದ್ಧತಿ, ದಾರಿ, ನದಿ ಬಹಳಮಟ್ಟಿಗೆ ಹೊಂದಿಕೊಂಡವು. ಹಾಗೆಂದು ಪುಸ್ತಕದ ಪ್ರತಿ ಸಾಲೂ ಡ್ರೂರಿಯದೇ ಎಂದಲ್ಲ. ಧರ್ಮದ ಕುರಿತ ವಿಚಾರಗಳಲ್ಲಿ ತನ್ನ ಕೈ ಇದೆಯೆಂದು ಪುಸ್ತಕ ಸಿದ್ಧಪಡಿಸಿದವನೇ ಮುನ್ನುಡಿಯಲ್ಲಿ ಸೂಚಿಸಿದ್ದಾನೆ.

ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಗುಲಾಮಗಿರಿಯನ್ನು ಸ್ವತಃ ಅನುಭವಿಸಿದ ಈ ಡ್ರೂರಿ, ಬಿಡುಗಡೆಯಾಗಿ ಬಂದ ಮೇಲೆ ಮತ್ತೆ ಮಡಗಾಸ್ಕರಿಗೆ ಹೋದ. ಹೋದದ್ದು ಗುಲಾಮರ ವ್ಯಾಪಾರಕ್ಕೆ! ಅದನ್ನು ಅವನು ಮುಚ್ಚಿಡದೆ ಪುಸ್ತಕದಲ್ಲಿ ಹೇಳುತ್ತಾನೆ. ಆ ಕಾಲದವರಿಗೆ ಅದರಲ್ಲಿ ನಾಚಿಕೆ ಕಾಣಲಿಲ್ಲವೇನೋ. ಓದುವ ನಮಗೆ ಮೈ ಜುಮ್ಮೆನ್ನುತ್ತದೆ. ತನ್ನ ಹೆಸರಿಗೆ ಮೆರುಗು ಕೊಡಲೆಂದೇ ಕತೆ ಕಟ್ಟುವವನು ಇಂಥ ಸಂಗತಿಯನ್ನು ಸೇರಿಸುತ್ತಾನೆಂದು ನನಗೆ ಅನಿಸುವುದಿಲ್ಲ.

ಈ ಇಬ್ಬರೂ ಸುಲಭದ ಪ್ರಕರಣಗಳು. ಒಬ್ಬ ಸುಳ್ಳ, ಒಬ್ಬ ಬಹುಪಾಲು ನಿಜ. ಕಷ್ಟದವನು ಮೂರನೆಯವನು. ಅವನು ನಮಗೆ ಹತ್ತಿರದವನೂ ಹೌದು, ಏಕೆಂದರೆ ಅವನು ಹೊನ್ನಾವರಕ್ಕೆ ಬಂದಿದ್ದೇನೆ ಎನ್ನುತ್ತಾನೆ.

ಫೆರ್ನಾಂವ್ ಮೆಂಡಿಸ್ ಪಿಂಟೊ ಪೋರ್ಚುಗಲ್ಲಿನ ಬಡ ಮನೆತನದವನು. 1537ರಲ್ಲಿ ಭಾರತಕ್ಕೆ ಹಡಗು ಹತ್ತಿದ. ಇಪ್ಪತ್ತೊಂದು ವರ್ಷ ಏಷ್ಯದ ಕಡಲುಗಳಲ್ಲಿ ಅಲೆದ. ಸಿಪಾಯಿ, ವ್ಯಾಪಾರಿ, ಕಡಲ್ಗಳ್ಳರ ಜೊತೆಗಾರ, ರಾಯಭಾರಿ, ಎಲ್ಲವೂ ಆದ. ಹದಿಮೂರು ಸಲ ಸೆರೆ ಸಿಕ್ಕೆ, ಹದಿನೇಳು ಸಲ ಮಾರಾಟವಾದೆ ಎಂಬುದು ಅವನದೇ ಲೆಕ್ಕ. 1558ರಲ್ಲಿ ಊರಿಗೆ ಮರಳಿ, ಸರಕಾರದಿಂದ ಪಿಂಚಣಿ ಬೇಡಿ ಬೇಡಿ ಬೇಸತ್ತು, ಲಿಸ್ಬನ್ನಿನ ಎದುರು ದಂಡೆಯ ಒಂದು ಹಳ್ಳಿಯಲ್ಲಿ ನೆಲಸಿದ. ಮಕ್ಕಳಿಗೆ ಬಿಟ್ಟುಹೋಗಲು ಬೇರೇನೂ ಇಲ್ಲ ಎಂಬಂತೆ ತನ್ನ ಬದುಕಿನ ಕತೆ ಬರೆದ. ಪಿಂಚಣಿ ಸಿಕ್ಕಿದ್ದು 1583ರಲ್ಲಿ, ಅದೇ ವರ್ಷ ತೀರಿಕೊಂಡ. ಸರಕಾರಿ ಕಡತದ ವೇಗ ಆಗಲೂ ಹಾಗೆಯೇ ಇತ್ತು. ಪುಸ್ತಕ ಅಚ್ಚಾದದ್ದು 1614ರಲ್ಲಿ.

ಚೀನಾ, ಬರ್ಮಾ, ಸಯಾಂ, ಜಪಾನು ಎಂದು ಅವನು ಬರೆದದ್ದನ್ನು ಓದಿದ ಯುರೋಪು ನಂಬಲಿಲ್ಲ. ಅವನ ಹೆಸರನ್ನೇ ತಿರುಚಿ ಪೋರ್ಚುಗೀಸರು ಒಂದು ಚಟಾಕಿ ಮಾಡಿಕೊಂಡರು. ಅವರ ಭಾಷೆಯಲ್ಲಿ 'ಮೆಂತೆಸ್' ಎಂದರೆ ನೀನು ಸುಳ್ಳು ಹೇಳುತ್ತೀಯೆ, 'ಮಿಂತೊ' ಎಂದರೆ ನಾನು ಸುಳ್ಳು ಹೇಳುತ್ತೇನೆ. "ಫೆರ್ನಾಂವ್, ಸುಳ್ಳು ಹೇಳ್ತೀಯಾ?" "ಹೌದು, ಹೇಳ್ತೇನೆ." ಇಂಗ್ಲೆಂಡಿನ ನಾಟಕದಲ್ಲೂ ಅವನ ಹೆಸರು ಮಹಾ ಸುಳ್ಳುಗಾರನ ಪರ್ಯಾಯವಾಗಿ ಬಂತು.

ಅವನು ಸುಳ್ಳು ಹೇಳಿದ್ದು ನಿಜ. ಜಪಾನಿನ ನೆಲ ಮೆಟ್ಟಿದ ಮೊದಲ ಯುರೋಪಿಯನ್ನರಲ್ಲಿ ತಾನೊಬ್ಬ ಎಂದು ಹೇಳಿಕೊಂಡ. ಆ ಘಟನೆ 1543ರ ಸುಮಾರಿನದು, ನಡೆದದ್ದು ತನೆಗಷಿಮ ದ್ವೀಪದಲ್ಲಿ. ಬೇರೆ ಪೋರ್ಚುಗೀಸ್ ದಾಖಲೆಯಲ್ಲಿ ಹೆಸರಿಸಿರುವ ಮೂವರಲ್ಲಿ ಪಿಂಟೊ ಇಲ್ಲ. ಬೇರೆಯವರ ಅನುಭವವನ್ನು ತನ್ನ ಜೇಬಿಗೆ ಹಾಕಿಕೊಂಡ ಎಂದೇ ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ. ಆದರೆ ಅವನು ವರ್ಣಿಸಿದ ಸಂಗತಿ ಸುಳ್ಳಲ್ಲ. ಚೀನೀಯರ ಹಡಗಿನಲ್ಲಿ ಪೋರ್ಚುಗೀಸರು ಬಂದದ್ದು, ಅವರ ಕೋವಿ ನೋಡಿ ದ್ವೀಪದ ಒಡೆಯ ಬೆರಗಾದದ್ದು, ಜಪಾನೀಯರು ಬೇಗನೆ ಅಂಥದೇ ಕೋವಿ ತಯಾರಿಸಲು ಕಲಿತದ್ದು ಜಪಾನಿನವರೇ 1606ರಲ್ಲಿ ಬರೆದಿಟ್ಟ ವೃತ್ತಾಂತದಲ್ಲೂ ಇದೆ. ಅಂದರೆ ಅವನ ಕತೆಯಲ್ಲಿ 'ನಾನು' ಎಂಬುದನ್ನು ಕಳೆದರೆ ಉಳಿದದ್ದು ಬಹುಪಾಲು ಚರಿತ್ರೆ. ನಾವಿಕರ ನೆನಪು ಓದುವಾಗ ನಾನು ಮೊದಲು ಮಾಡುವ ವ್ಯವಕಲನ ಇದೇ.

ಅವನು ಮುಚ್ಚಿಟ್ಟದ್ದೂ ಉಂಟು. ಗೋವೆಯ ಸಂತ ಫ್ರಾನ್ಸಿಸ್ ಝೇವಿಯರ್ ಅವನಿಗೆ ಪರಿಚಿತರು. ಅವರು ತೀರಿಕೊಂಡ ಮೇಲೆ 1554ರಲ್ಲಿ ಪಿಂಟೊ ಜೆಸ್ವಿಟ್ ಸಂಘ ಸೇರಿದ, ಕೆಲವೇ ವರ್ಷಗಳಲ್ಲಿ ಹೊರಬಂದ. ಸಂಘದವರ ಪತ್ರಗಳಿಂದ ಇದು ತಿಳಿಯುತ್ತದೆ. ಇನ್ನೂರಕ್ಕೂ ಹೆಚ್ಚು ಅಧ್ಯಾಯಗಳ ಅವನ ಪುಸ್ತಕದಲ್ಲಿ ಮಾತ್ರ ತಾನು ಸಂಘ ಸೇರಿದ್ದೆ ಎಂಬ ಒಂದು ಮಾತೂ ಇಲ್ಲ.

ಹಾಗಿದ್ದರೂ ತನ್ನವರ ಮಾನ ಕಾಪಾಡಲು ಅವನು ಬರೆಯಲಿಲ್ಲ. ಚೀನಾದ ಕರಾವಳಿಯಲ್ಲಿ ಪೋರ್ಚುಗೀಸ್ ಕಡಲ್ಗಳ್ಳರು ದೇವರ ಹೆಸರು ಹೇಳಿಕೊಂಡೇ ಹಡಗು ದೋಚುತ್ತಾರೆ. ಸೆರೆ ಸಿಕ್ಕ ಒಬ್ಬ ಚೀನೀ ಹುಡುಗ ಅವರ ಮುಖಕ್ಕೇ ಹೇಳುತ್ತಾನೆ: ಬಾಯಲ್ಲಿ ಪ್ರಾರ್ಥನೆ, ಕೈಯಲ್ಲಿ ಕಳ್ಳತನ, ಇಂಥವರಿಗೆ ದೇವರ ನ್ಯಾಯ ತಪ್ಪುವುದಿಲ್ಲ ಎಂಬ ಅರ್ಥದ ಮಾತು. ಆ ಹುಡುಗ ನಿಜವಾಗಿ ಇದ್ದನೋ ಇಲ್ಲವೋ, ಆ ಕಡಲ್ಗಳ್ಳರ ನಾಯಕನೇ ಪಿಂಟೊನ ಕಲ್ಪನೆ ಎನ್ನುವವರಿದ್ದಾರೆ. ಆದರೆ ದೋಚಿದ್ದು ಸುಳ್ಳಲ್ಲ ಎಂದು ಏಷ್ಯದ ಬಂದರುಗಳಲ್ಲಿ ಎಲ್ಲರಿಗೂ ಗೊತ್ತಿತ್ತು. ನೇರವಾಗಿ ಬರೆಯಲು ಧೈರ್ಯ ಸಾಲದ ಸತ್ಯವನ್ನು ಅವನು ಹುಡುಗನ ಬಾಯಲ್ಲಿ ಆಡಿಸಿದ ಎಂದು ನಾನು ತಿಳಿಯುತ್ತೇನೆ.

ಈಗ ಹೊನ್ನಾವರಕ್ಕೆ ಬರೋಣ. 1538ರಲ್ಲಿ ತುರ್ಕಿಯ ಸುಲೈಮಾನ್ ಪಾಷಾನ ನೌಕಾಪಡೆ ಗುಜರಾತಿನ ದಿಯು ಕೋಟೆಗೆ ಮುತ್ತಿಗೆ ಹಾಕಿತು. ಆ ಪಡೆಯ ಒಂದು ಹಡಗು ಹೊನ್ನಾವರದ ಬಂದರಿಗೆ ಬಂದು ಸೇರಿತ್ತು. ಅದನ್ನು ಒಪ್ಪಿಸುವಂತೆ ಇಲ್ಲಿನ ರಾಣಿಯನ್ನು ಕೇಳಲು ಗೊನ್ಸಾಲೊ ವಾಸ್ ಕುತಿನೊ ಎಂಬ ನಾಯಕನ ದೋಣಿಗಳಲ್ಲಿ ತಾನೂ ಬಂದೆ ಎನ್ನುತ್ತಾನೆ ಪಿಂಟೊ. ರಾಣಿಗೆ ಪೋರ್ಚುಗೀಸರ ಜೊತೆ ಸಂಧಿ ಇತ್ತು. ಹಾಗೆಂದು ಬಂದರಿಗೆ ನುಗ್ಗಿದ ತುರ್ಕರನ್ನು ಹೊರಗೆ ಅಟ್ಟುವುದು ಅವಳ ಕೈಯಲ್ಲಿರಲಿಲ್ಲ. ಅವಳು ತನ್ನ ದೇವರ ಚಿನ್ನದ ಪಾದುಕೆಯ ಮೇಲೆ ಆಣೆಯಿಟ್ಟು ಮಾತಾಡಿದಳು ಎಂದು ಬರೆಯುತ್ತಾನೆ. ಪೋರ್ಚುಗೀಸರು ತಾವೇ ಹೋಗಿ ತುರ್ಕರ ಮೇಲೆ ಬಿದ್ದರು, ಚೆನ್ನಾಗಿ ಪೆಟ್ಟು ತಿಂದು ವಾಪಸಾದರು.

ಇದನ್ನು ನಂಬಬಹುದೇ? ಪಿಂಟೊ ಆ ದಿನ ಅಲ್ಲಿದ್ದನೋ ಇಲ್ಲವೋ ಎಂಬುದಕ್ಕೆ ಅವನ ಮಾತೇ ಸಾಕ್ಷಿ. ಆದರೆ ಸೋತ ಕತೆಯನ್ನು ಯಾರೂ ಮೆರೆಯಲು ಕಟ್ಟುವುದಿಲ್ಲ. ಪಾದುಕೆಯ ಆಣೆ ಲಿಸ್ಬನ್ನಿನಲ್ಲಿ ಕುಳಿತವನಿಗೆ ತಾನಾಗಿ ಹೊಳೆಯುವ ಮಾತಲ್ಲ. ಈ ಭಾಗದಲ್ಲಿ ರಾಣಿಯರು ಆಳುತ್ತಿದ್ದುದಕ್ಕೆ ಬೇರೆ ಆಧಾರವೂ ಇದೆ: 1542ರಲ್ಲಿ ಮಾರ್ತಿಂ ಅಫೊನ್ಸೊ ಡ ಸೋಜ ಭಟ್ಕಳವನ್ನು ಸುಟ್ಟು ದೋಚಿದಾಗ ಅಲ್ಲಿದ್ದವಳೂ ರಾಣಿಯೇ.

ಇಲ್ಲಿ ನಮ್ಮವರಿಗೇ ಒಂದು ಎಚ್ಚರಿಕೆ. ಹೊನ್ನಾವರದ ರಾಣಿ ಎಂದ ಕೂಡಲೇ ನಾವು ಗೇರುಸೊಪ್ಪೆಯ ಚೆನ್ನಭೈರಾದೇವಿ ಎಂದು ಹೆಮ್ಮೆಯಿಂದ ಹೇಳಿಬಿಡುತ್ತೇವೆ. 'ಕಾಳುಮೆಣಸಿನ ರಾಣಿ' ಎಂದು ಪೋರ್ಚುಗೀಸರು ಕರೆದ ಆ ಮಹಾತಾಯಿಯ ಆಳ್ವಿಕೆಯನ್ನು ಸಾಮಾನ್ಯವಾಗಿ 1552ರಿಂದ 1606ರವರೆಗೆ ಎಂದು ಹೇಳುತ್ತಾರೆ. ಪಿಂಟೊ ಹೇಳುವ ಘಟನೆ ಅದಕ್ಕೆ ಹದಿನಾಲ್ಕು ವರ್ಷ ಮೊದಲಿನದು. ಬುರುಡೆ ಬಿಡುವ ಚಾಳಿ ಹಡಗಿನವರಿಗೆ ಮಾತ್ರ ಅಂಟಿದ್ದಲ್ಲ. ಸಮಾರಂಭದ ಭಾಷಣಕಾರರಿಗೂ ಉಂಟು.

ಅದೇ ಹೊನ್ನಾವರಕ್ಕೆ ಪಿಂಟೊನಿಗಿಂತ ಸುಮಾರು ಇನ್ನೂರು ವರ್ಷ ಮೊದಲು ಇನ್ನೊಬ್ಬ ಬಂದಿದ್ದ. ಅವನು ಮೊರಾಕ್ಕೊ ದೇಶದ ಇಬ್ನ್ ಬತೂತ. 1342ರ ಸುಮಾರಿಗೆ ಇಲ್ಲಿದ್ದ ಸುಲ್ತಾನ್ ಜಮಾಲುದ್ದೀನನ ಅತಿಥಿಯಾಗಿದ್ದ. ಈ ಸುಲ್ತಾನ 'ಹರ್ಯಬ್' ಎಂಬ ಹಿಂದೂ ಅರಸನಿಗೆ ಅಧೀನನಾಗಿದ್ದ ಎಂದು ಅವನು ಹೇಳುತ್ತಾನೆ. ಅದು ಹರಿಹರ ಎಂಬ ಹೆಸರೆಂದು ಅನೇಕ ವಿದ್ವಾಂಸರ ಊಹೆ. ಊರಿಗೆ ಮರಳಿ ಎಷ್ಟೋ ವರ್ಷಗಳ ಮೇಲೆ, 1355ರ ಹೊತ್ತಿಗೆ, ಇಬ್ನ್ ಬತೂತ ಬಾಯಲ್ಲಿ ಹೇಳಿದ್ದನ್ನು ಬೇರೊಬ್ಬ ವಿದ್ವಾಂಸ ಬರೆದ. ಹೊನ್ನಾವರ ಮತ್ತು ಬಾರಕೂರಿನ ನಡುವಿನ ಸಣ್ಣ ದ್ವೀಪವೊಂದರ ಬಳಿ ಕಡಲ್ಗಳ್ಳರು ಅವನನ್ನು ಉಟ್ಟ ಬಟ್ಟೆಯಲ್ಲಿ ಬಿಟ್ಟು ಉಳಿದದ್ದೆಲ್ಲ ದೋಚಿದ್ದರಂತೆ. ಮೆಕ್ಕಾ, ಡಮಾಸ್ಕಸ್‌ಗಳ ವರ್ಣನೆಯಲ್ಲಿ ಇಬ್ನ್ ಜುಬೈರ್ ಎಂಬ ಹಿಂದಿನ ಯಾತ್ರಿಕನ ಪುಸ್ತಕದ ಭಾಗಗಳು ಹಾಗೆಯೇ ಬಂದಿವೆ. ಚೀನಾದ ಭಾಗದ ಬಗೆಗೂ ಸಂಶಯವಿದೆ.

ಆದರೆ ಹೊನ್ನಾವರದ ಊಟದ ವರ್ಣನೆ ಓದಿ ನೋಡಿ. ಮೊದಲು ಅನ್ನ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಸೌಟಿನಲ್ಲಿ ಮತ್ತೆ ಮತ್ತೆ ಅನ್ನ ಬಡಿಸುತ್ತಾರೆ. ಆಮೇಲೆ ಕೋಳಿ, ಮೀನು, ತರಕಾರಿ. ಕೊನೆಗೆ ಮೊಸರು, ಮೊಸರು ಬಂತೆಂದರೆ ಊಟ ಮುಗಿಯಿತು. ಮಳೆಗಾಲದಲ್ಲಿ ಬಿಸಿನೀರು ಕುಡಿಯುತ್ತಾರೆ. ಹನ್ನೊಂದು ತಿಂಗಳು ಇಲ್ಲಿದ್ದು ರೊಟ್ಟಿಯ ಮುಖ ನೋಡಲಿಲ್ಲ ಎಂದು ಗೊಣಗುತ್ತಾನೆ. ಇದನ್ನು ಕಟ್ಟಿ ಹೇಳಿ ಅವನಿಗೆ ಆಗಬೇಕಾದದ್ದೇನು? ನಮ್ಮ ಮನೆಗಳ ಊಟದ ಸಾಲು ಇಂದಿಗೂ ಹೆಚ್ಚುಕಡಿಮೆ ಅದೇ.

ಅವನೇ ಇನ್ನೊಂದು ಮಾತು ಹೇಳಿದ್ದಾನೆ, ಶಾಲೆಯ ಸಂಚಿಕೆಯಲ್ಲಿ ಬಿಡುವಂತಿಲ್ಲ. ಹೊನ್ನಾವರದಲ್ಲಿ ಹುಡುಗಿಯರಿಗೆ ಹದಿಮೂರು, ಹುಡುಗರಿಗೆ ಇಪ್ಪತ್ತಮೂರು ಶಾಲೆಗಳನ್ನು ಕಂಡೆ, ಇಂಥದನ್ನು ಬೇರೆಲ್ಲೂ ನೋಡಲಿಲ್ಲ ಎಂದು. ಹದಿಮೂರೇ ಇತ್ತೋ, ಹತ್ತೇ ಇತ್ತೋ, ಎಣಿಸಿದವರು ಬೇರೆ ಯಾರೂ ಇಲ್ಲ. ನಾನಾದರೂ ಸಂಖ್ಯೆಗೆ ಜೋತು ಬೀಳುವುದಿಲ್ಲ. ಆದರೆ ಪ್ರಪಂಚದ ಅರ್ಧ ತಿರುಗಿದವನಿಗೆ ಹುಡುಗಿಯರು ಓದುವ ಊರೊಂದು ಬೆರಗು ಹುಟ್ಟಿಸಿತ್ತು ಎಂಬುದನ್ನು ನಾನು ನಂಬುತ್ತೇನೆ.

ಇದೇ ಸಂಚಿಕೆಯಲ್ಲಿ ಹಳೆಯ ವಿದ್ಯಾರ್ಥಿಗಳ ನೆನಪುಗಳೂ ಇವೆ. ಶಾಲೆಗೆ ನಡೆದು ಬರುತ್ತಿದ್ದ ದಾರಿ ಹತ್ತು ವರ್ಷಕ್ಕೊಂದು ಮೈಲಿ ಬೆಳೆಯುವುದು ಸಹಜ. ಹೊಳೆಯ ನೆರೆಯನ್ನು ತಲೆಯ ಮೇಲೆ ಪುಸ್ತಕ ಇಟ್ಟುಕೊಂಡು ಈಜಿ ದಾಟಿದವರ ಸಂಖ್ಯೆ, ಹಾಜರಿ ಪುಸ್ತಕದಲ್ಲಿರುವುದಕ್ಕಿಂತ ಹೆಚ್ಚಾಗುವುದೂ ಸಹಜ. ಆದರೆ ಅಂಥ ಬರಹದ ನಡುವೆ ಫೀಸು ಎಷ್ಟಿತ್ತು, ಮಧ್ಯಾಹ್ನ ಏನು ಕಟ್ಟಿಕೊಂಡು ಬರುತ್ತಿದ್ದೆವು, ಕೊಡೆ ಇಲ್ಲದವರು ಏನು ಹೊದ್ದು ಬರುತ್ತಿದ್ದರು ಎಂಬ ಸಾಲುಗಳಿದ್ದರೆ ಐವತ್ತು ವರ್ಷದ ಮೇಲೆ ಚರಿತ್ರೆ ಬರೆಯುವವನು ಹುಡುಕುವುದು ಅವನ್ನೇ.

ಮಚವೆಗಳಲ್ಲಿ ಹೋಗಿ ಬಂದ ಹಿರಿಯರು ನಮ್ಮೂರಿನಲ್ಲಿ ಈಗ ಬೆರಳೆಣಿಕೆಯಷ್ಟು ಉಳಿದಿದ್ದಾರೆ. ಹಾಯಿ ಹೊಲಿಯಲು ಬಲ್ಲವರು ಇನ್ನೂ ಕಡಿಮೆ. ಅವರ ಕತೆಗಳನ್ನು ಬುರುಡೆ ಎಂದು ನಾವು ನಕ್ಕು ಎದ್ದು ಬಂದರೆ, ಮಚವೆಗಿಂತ ಉದ್ದದ ಮೀನಿನ ಜೊತೆಗೆ ಬಂದರುಗಳ ಹೆಸರು, ಹಂಚಿನ ಬಾಡಿಗೆ, ಗಾಳಿಯ ಹೆಸರು, ಗುಡ್ಡ ನೋಡಿ ದಿಕ್ಕು ಹಿಡಿಯುವ ಕ್ರಮ ಎಲ್ಲವೂ ಮಸಣಕ್ಕೆ ಹೋಗುತ್ತವೆ. ರಜೆಯಲ್ಲಿ ಊರಿಗೆ ಬರುವ ಹಳೆಯ ವಿದ್ಯಾರ್ಥಿಗಳು, ಅದರಲ್ಲೂ ಇಂದು ದೊಡ್ಡ ಹಡಗುಗಳಲ್ಲಿ ಕೆಲಸ ಮಾಡುತ್ತಿರುವವರು, ಒಂದು ಮಧ್ಯಾಹ್ನ ಅವರ ಜಗಲಿಯಲ್ಲಿ ಕುಳಿತುಕೊಳ್ಳಿ. ಹೋಗುವಾಗ ಏನು ಸರಕು, ಬರುವಾಗ ಏನು ಸರಕು, ಎಷ್ಟು ದಿನ, ಯಾರು ಅಡುಗೆ, ಕುಡಿಯುವ ನೀರು ಎಲ್ಲಿ ತುಂಬಿಸುತ್ತಿದ್ದರು, ಸಂಬಳವೋ ಪಾಲೋ ಎಂದು ಕೇಳಿ. ಮೀನಿನ ಉದ್ದವನ್ನೂ ಅವರು ಹೇಳಿದಷ್ಟೇ ಬರೆದುಕೊಳ್ಳಿ, ತಿದ್ದಬೇಡಿ. ಹೇಳಿದವರ ಹೆಸರು, ಕೇಳಿದ ದಿನ ಮೇಲೆ ಹಾಕಿ, ನೋಟ್‌ಬುಕ್ಕನ್ನು ಶಾಲೆಯ ಗ್ರಂಥಾಲಯದಲ್ಲಿ ಕೊಟ್ಟು ಹೋಗಿ.